ನಿಂಗರಾಜು ಮೇಸ್ತ್ರಿ ಆಯ ಹೇಳಿದ್ದು

ನಿಂಗರಾಜು ಮೇಸ್ತ್ರಿ ಕಟ್ಟಿದ ಯಾವ ಮನೆಗೆ ಬೇಕಾದರೂ ನನ್ನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಬಿಡಿ, ಎಲ್ಲೂ ಎಡವದೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬರುತ್ತೇನೆ. ಹುಲ್ಲಹಳ್ಳಿಯ ಮನೆಯಾದರೂ ಅಷ್ಟೆ, ಚಿಕ್ಕಯ್ಯನಛತ್ರದ ಮನೆಯಾದರೂ ಅಷ್ಟೆ, ಅವನ ಸ್ವಂತ ಊರು ಹೆಮ್ಮಿಗೆಯ ಮನೆಯಾದರೂ ಅಷ್ಟೆ. ಬಾಗಿಲು ದಾಟಿದರೆ ಹಜಾರ, ಹಜಾರದ ಎಡಕ್ಕೆ ದೇವರ ಗೂಡು, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು. ಗೋಡೆಯ ಬಣ್ಣ ಬೇರೆ, ಕಿಟಕಿಯ ಕಂಬಿಯಲ್ಲಿರುವ ಹೂವು ಬೇರೆ, ಮೊಳೆಗೆ ನೇತುಬಿದ್ದ ಹಿರಿಯರ ಫೋಟೊ ಬೇರೆ. ಮನೆ ಮಾತ್ರ ಅದೇ.

ಇದನ್ನು ಮೊದಲು ಪತ್ತೆಮಾಡಿದವನು ನಾನು. ಅದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ. ನಂಜನಗೂಡಿನಲ್ಲಿ ನನ್ನದು ಸಿಮೆಂಟು, ಕಬ್ಬಿಣದ ಅಂಗಡಿ. ನಿಂಗರಾಜು ಬಹಳ ವರ್ಷದಿಂದ ನನ್ನಲ್ಲೇ ಸಾಮಾನು ಎತ್ತುತ್ತಾನೆ. ಬೇರೆ ಮೇಸ್ತ್ರಿಗಳು ಒಂದೊಂದು ಮನೆಗೆ ಒಂದೊಂದು ಥರ ಕೇಳುತ್ತಾರೆ. ಹೆಚ್ಚಾಗಿ ತರಿಸಿಕೊಂಡು ವಾಪಸು ಕಳಿಸುತ್ತಾರೆ, ಕಡಿಮೆ ತರಿಸಿಕೊಂಡು ನನ್ನನ್ನೇ ಬೈಯುತ್ತಾರೆ. ಇವನು ಹಾಗಲ್ಲ. "ಅದೇ ಕಳ್ಸಿ ಸಾವ್ಕಾರ್ರೇ" ಅನ್ನುತ್ತಾನೆ. ಅಪರೂಪಕ್ಕೆ "ಈ ಸಲ ಇನ್ನೊಂದು ಕಳ್ಸಿ" ಅನ್ನುತ್ತಾನೆ. ಅಂದರೆ ಅವನ ಲೋಕದಲ್ಲಿ ಮನೆ ಎರಡೇ ಬಗೆ. ಒಂದು, ಇಪ್ಪತ್ತೇಳು ಅಡಿಗೆ ಮೂವತ್ತೈದು. ಇನ್ನೊಂದು, ಇಪ್ಪತ್ತೊಂಬತ್ತಕ್ಕೆ ಮೂವತ್ತಮೂರು. ಮೂರನೆಯದನ್ನು ಅವನು ಕಟ್ಟಿದ್ದು ನಾನು ಕಂಡಿರಲಿಲ್ಲ.

ಸೈಟು ದೊಡ್ಡದಾಗಿದ್ದರೆ ಪಕ್ಕದಲ್ಲಿ ಅಗಲವಾದ ಓಣಿಯೊಂದು ಉಳಿದುಬಿಡುತ್ತಿತ್ತು. ಮನೆಯವರು ಕೇಳಿದರೆ, "ಗಾಳಿ ಆಡ್ಬೇಕಲ್ವಾ" ಅನ್ನುತ್ತಿದ್ದ. ಸೈಟು ಚಿಕ್ಕದಾಗಿದ್ದರೆ ಇನ್ನೂ ಚೆನ್ನ. ಚಿಕ್ಕಯ್ಯನಛತ್ರದಲ್ಲಿ ಒಬ್ಬ ಪುಣ್ಯಾತ್ಮ ಇವನ ಮಾತು ಕೇಳಿ ಪಕ್ಕದವರ ಹಿತ್ತಿಲಿನಿಂದ ಮೂರಡಿ ಜಾಗವನ್ನು ಬೇಡಿ ಕೊಂಡುಕೊಂಡ. ಮನೆಯನ್ನು ಮೂರಡಿ ಕಿರಿದು ಮಾಡುವುದಕ್ಕಿಂತ ಭೂಮಿಯನ್ನೇ ಮೂರಡಿ ಹಿಗ್ಗಿಸುವುದು ನಮ್ಮ ಮೇಸ್ತ್ರಿಗೆ ಸುಲಭವಾಗಿ ಕಂಡಿತ್ತು.

ಕೆಲಸದಲ್ಲಿ ಮಾತ್ರ ಅವನ ಮೇಲೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ರಸ್ತೆಯ ಆಚೆ ನಿಂತು ಈಚೆಯ ಗೋಡೆ ಒಂದು ದಾರದಷ್ಟು ವಾಲಿದ್ದರೂ ಹೇಳುತ್ತಾನೆ, ಆಮೇಲೆ ತೂಗುಗುಂಡು ಬಿಟ್ಟು ನೋಡಿದರೆ ಹೌದು. ಅಂಥವನು ಎರಡೇ ಅಳತೆಗೆ ಯಾಕೆ ಗಂಟುಬಿದ್ದ ಎಂಬುದು ನನಗೆ ಒಗಟಾಗಿತ್ತು. ಸೋಮಾರಿತನ ಅಂದುಕೊಂಡೆ, ಆದರೆ ಅವನು ಸೋಮಾರಿಯಲ್ಲ. ಹಟ ಅಂದುಕೊಂಡೆ, ಆದರೆ ಹಟ ಅವನ ಮನೆಯಲ್ಲಿ ಹೆಂಡತಿ ಪುಟ್ಟಗೌರಮ್ಮನ ಇಲಾಖೆ.

ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ನೇರವಾಗಿ ಕೇಳಿಯೇಬಿಟ್ಟೆ.

"ಅದು ಆಯದ್ ವಿಸ್ಯ ಸಾವ್ಕಾರ್ರೇ" ಅಂದ.

ನಮ್ಮ ಕಡೆ ಮನೆ ಕಟ್ಟುವವರಿಗೆ ಆಯ ಗೊತ್ತಿರುತ್ತದೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆಯ ಉದ್ದವನ್ನು ಅಗಲದಿಂದ ಗುಣಿಸಬೇಕು, ಬಂದದ್ದನ್ನು ಎಂಟರಿಂದ ಭಾಗಿಸಬೇಕು, ಕೊನೆಗೆ ಉಳಿಯುವುದೇ ಆ ಮನೆಯ ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ. ಇವು ಒಳ್ಳೆಯವು. ಸಮಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಮನೆಯನ್ನು ಕತ್ತೆಯ ಹೆಸರಿಗೆ ಬರೆಯಲು ಯಾರು ಒಪ್ಪುತ್ತಾರೆ? ಆದ್ದರಿಂದ ಪಾಯದ ದಾರ ಎಳೆಯುವ ದಿನ ಮೇಸ್ತ್ರಿ ಎಲ್ಲರ ಮುಂದೆ ಅಳತೆ ಹೇಳಿ, ಆಯ ಹೇಳಿ, ಆಮೇಲೆ ಗೂಟ ಹೊಡೆಯಬೇಕು. ಕೆಲವರು ಪಂಚಾಂಗ ನೋಡಿಸಿಕೊಂಡು ಬರುತ್ತಾರೆ. ಹಳೆಯ ಕಾಲದವರಿಗೆ ಮಾತ್ರ ಮೇಸ್ತ್ರಿಯ ಬಾಯಿಂದಲೇ ಬರಬೇಕು.

ನಿಂಗರಾಜುವಿಗೆ ಗಾರೆ ಕೆಲಸ ಕಲಿಸಿದವನು ದೊಡ್ಡಮಾದಯ್ಯ ಎಂಬ ಹಳೆಯ ಮೇಸ್ತ್ರಿ. ಆತ ಎರಡು ಅಳತೆಗೆ ಆಯ ಹೇಳಿಕೊಟ್ಟಿದ್ದ. ಮೊದಲನೆಯದು ಧ್ವಜ, ಎರಡನೆಯದು ವೃಷಭ. ಇವನು ಮೂರನೆಯದನ್ನು ಕಲಿಯುವ ಮೊದಲೇ ಆತ ತೀರಿಕೊಂಡ.

"ಅಲ್ಲಯ್ಯ, ಮೂರ್ನೇದು ನೀನೇ ಲೆಕ್ಕ ಹಾಕ್ಬೋದಿತ್ತಲ್ಲ?"

"ಆಕ್ಬೋದಿತ್ತು" ಅಂದ, ಹಲ್ಲು ಕೀಳಿಸಿಕೊಳ್ಳಬಹುದಿತ್ತು ಎನ್ನುವ ದನಿಯಲ್ಲಿ.

ವ್ಯಾಪಾರದವನಿಗೆ ಕುತೂಹಲ ಹುಟ್ಟಿದರೆ ಮಾಲು ಪರೀಕ್ಷೆ ಮಾಡದೆ ಬಿಡುವುದಿಲ್ಲ. ಮುಂದಿನ ವಾರ ಅವನು ಬಂದು ಲಾರಿಗೆ ಕಬ್ಬಿಣ ತುಂಬಿಸುತ್ತ ನಿಂತಿದ್ದಾಗ, ನಾನು ಬೇರೆಲ್ಲೋ ನೋಡುತ್ತ ಕೇಳಿದೆ, "ಹುಲ್ಲಹಳ್ಳಿ ಮನೆ ತಾರಸಿ ಮೋಲ್ಡಿಗೆ ಕಂಬಿ ಎಷ್ಟು ಹಿಡಿಯುತ್ತೆ ಮೇಸ್ತ್ರಿ?" ಅವನು ಅಡಿಕೆ ಅಗಿಯುತ್ತಲೇ ಹೇಳಿದ. ಹೇಳುತ್ತಲೇ, ಹಿಂದಿನ ಚಕ್ರ ಚರಂಡಿ ಕಲ್ಲಿನ ಮೇಲಿದೆ ಅಂತ ಲಾರಿಯವನನ್ನು ಎಚ್ಚರಿಸಿದ. ಅದರ ಜೊತೆಗೆ, "ನಿಮ್ ಮ್ಯಾಗಡೆ ಟ್ಯಾಂಕು ಸೋರ್ತಾ ಅದೆ, ಗ್ವಾಡೆ ನೋಡಿ" ಅಂತ ನನಗೂ ಹೇಳಿದ. ಕಂಬಿಯ ಲೆಕ್ಕ ಸರಿಯಾಗಿತ್ತು. ಚಕ್ರ ಕಲ್ಲಿನ ಮೇಲಿತ್ತು. ಟ್ಯಾಂಕೂ ಸೋರುತ್ತಿತ್ತು.

ಮರುದಿನ ಅವನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಟೀ ಕೊಡಿಸಿದೆ. ಒಂದು ಹಾಳೆ, ಪೆನ್ನು, ಕ್ಯಾಲ್ಕುಲೇಟರು ಮುಂದಿಟ್ಟೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. "ಮೇಸ್ತ್ರಿ, ಆ ಚಿಕ್ಕಯ್ಯನಛತ್ರದ ಮನೆ ಕಂಬಿ ಲೆಕ್ಕ ಒಂದು ಮಾಡಿಬಿಡು" ಎಂದು ಎದುರಿಗೆ ಕೈಕಟ್ಟಿ ಕೂತೆ. ಅದೇ ಬಗೆಯ ಮನೆ, ಅದೇ ಲೆಕ್ಕ.

ಅವನ ಮುಖ ಒದ್ದೆ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಪೆನ್ನು ಹಿಡಿದ, ಬಿಟ್ಟ. ಜೇಬಿನಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು, ಅವನಿಗೆ ಕೇಳಿಸಲೇ ಇಲ್ಲ. ಪುಟ್ಟಗೌರಮ್ಮನ ಫೋನು ಕೇಳಿಸದಷ್ಟು ಧೈರ್ಯ ಅವನಿಗೆ ಮಾಮೂಲಿ ದಿನಗಳಲ್ಲಿ ಇಲ್ಲ. ಟೀ ಕೆನೆಗಟ್ಟಿತು. ನಾನು ಅವನು ಕೇಳಿದ್ದ ಬೈಂಡಿಂಗ್ ವೈರಿನ ಸುರುಳಿಯ ಬದಲು ಬಚ್ಚಲ ತೂತಿಗೆ ಹಾಕುವ ಜಾಲರಿ ಎತ್ತಿ ಕೈಗಿಟ್ಟೆ. ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಕೊನೆಗೆ ಅವನು ಹೇಳಿದ ಅಂಕಿಗೆ ಮನೆಯಲ್ಲ, ಕೋಳಿಗೂಡೂ ನಿಲ್ಲುತ್ತಿರಲಿಲ್ಲ.

"ಆಯ್ತು ಬಿಡು" ಅಂದೆ. ಆಗ ಕೆಳಗೆ ನೋಡಿಕೊಂಡ.

"ಇದ್ಯಾಕ್ ಕೊಟ್ರಿ ನಂಗೆ?"

"ನೀನೇ ಇಸ್ಕೊಂಡೆ."

"ನಾನಾ?" ಅವನು ಜಾಲರಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸಿಟ್ಟು ಬರಲಿಲ್ಲ, ಅವನಿಗೂ ಕುತೂಹಲವೇ ಆಯಿತು. "ಇಂಗೂ ಆಯ್ತದಾ?"

ನನಗೆ ತಿಳಿದ ಮಟ್ಟಿಗೆ ಹೇಳುವುದಾದರೆ, ಮನುಷ್ಯನ ಗಮನ ಅಂದರೆ ಒಬ್ಬನೇ ನಡೆಸುವ ಅಂಗಡಿ. ಹೆದರಿಕೆ ಅನ್ನುವುದು ಜಗಳಗಂಟ ಗಿರಾಕಿ. ಅವನೊಬ್ಬ ಒಳಗೆ ನುಗ್ಗಿ ಕೂಗಾಡುವುದಕ್ಕೆ ಶುರುಮಾಡಿದರೆ ಉಳಿದ ಗಿರಾಕಿಗಳನ್ನು ಯಾರು ವಿಚಾರಿಸುತ್ತಾರೆ? ಮಾಲು ಎಲ್ಲ ಒಳಗೇ ಇರುತ್ತದೆ. ತೆಗೆದುಕೊಡುವ ಕೈ ಮಾತ್ರ ಬಿಡುವಿರುವುದಿಲ್ಲ. ನಿಂಗರಾಜುವಿನ ತಲೆಯಲ್ಲಿ ಲೆಕ್ಕ ಇತ್ತು. ಅದನ್ನು ಹೊರಗೆ ತರಬೇಕಾದವನು ಹೆದರಿಕೆಗೆ ಸಮಾಧಾನ ಹೇಳುತ್ತ ಕೂತಿದ್ದ. ಇನ್ನೊಂದು ಸಂಗತಿಯೂ ಕಂಡಿತು. ಅಂಥ ಹೊತ್ತಿನಲ್ಲಿ ಮನುಷ್ಯ ಗೊತ್ತಿರುವ ದಾರಿಯನ್ನು ಬಿಟ್ಟು ಅಲ್ಲಾಡುವುದಿಲ್ಲ. ಎರಡೇ ಅಳತೆಯ ಮನೆಗಳ ಗುಟ್ಟು ಇಷ್ಟೇ. ಅವು ಮನೆಗಳಲ್ಲ, ಅವನು ಅವಿತುಕೊಳ್ಳುವ ಜಾಗ.

"ಸ್ಕೂಲಲ್ಲಿ ಮೇಷ್ಟ್ರು ಹೊಡೀತಿದ್ರಾ?" ಎಂದು ಕೇಳಿದೆ. ಇಂಥದ್ದಕ್ಕೆಲ್ಲ ಒಂದು ಬೆತ್ತ ಇದ್ದೇ ಇರುತ್ತದೆ ಅಂತ ನನ್ನ ಅಂದಾಜು.

"ಅಯ್ಯೋ ಇಲ್ಲ. ದೇವರಂತ ಮೇಷ್ಟ್ರು. ಒಂದ್ ಏಟ್ ಒಡೀಲಿಲ್ಲ."

"ಮತ್ತೆ?"

ಅವನು ಜಾಲರಿಯನ್ನು ಸ್ಟೂಲಿನ ಪಕ್ಕಕ್ಕೆ ಇಟ್ಟ. "ಲೆಕ್ಕ ಏಳಿ, ಸುಮ್ನೆ ನೋಡ್ಕಂಡ್ ನಿಂತ್ಕತಿದ್ರು. ಇಡೀ ಕಿಲಾಸು ನೋಡ್ಕಂಡ್ ಕೂತ್ಕತಿತ್ತು. ಒಡ್ದಿದ್ರೆ ಮುಗ್ದೋಗದು ಸಾವ್ಕಾರ್ರೇ. ಕಾಯೋರು ಮುಗ್ಸಾಕಿಲ್ಲ."

ಈ ಉತ್ತರ ನನ್ನ ಅಂದಾಜಿನಲ್ಲಿ ಇರಲಿಲ್ಲ. ಆಮೇಲೆ ಎಷ್ಟೋ ದಿನ, ಗಿರಾಕಿಗೆ ರೇಟು ಹೇಳಿ ಅವನ ಮುಖವನ್ನೇ ನೋಡುತ್ತ ನಿಲ್ಲುವಾಗ ಇದು ನೆನಪಾಗುತ್ತಿತ್ತು. ಹಾಗಂತ ನೋಡುವುದನ್ನು ಬಿಡಲಿಲ್ಲ. ವ್ಯಾಪಾರ ವ್ಯಾಪಾರವೇ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಮಗಳ ಮನೆಯ ಸಂಗತಿ ಬಂತು.

ನಿಂಗರಾಜುವಿಗೆ ಒಬ್ಬಳೇ ಮಗಳು, ಸುನೀತಾ. ತಿ. ನರಸೀಪುರಕ್ಕೆ ಕೊಟ್ಟಿದ್ದಾನೆ. ಅಳಿಯ ಹೇಮಂತ್ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಬಂದು ಹೋಗುತ್ತಾನೆ. ಅಳಿಯನ ತಂದೆ ಗೋವಿಂದಯ್ಯನವರದು ಹಿಟ್ಟಿನ ಗಿರಣಿ. ಅವರ ಮನೆಯನ್ನು ಹಿಂದೆ ಕಟ್ಟಿದವನು ಇವನೇ, ಸಂಬಂಧ ಕುದುರಿದ್ದೂ ಆ ಗೋಡೆಗಳ ನಡುವೆಯೇ. ಮದುವೆಯಾಗಿ ಹೋದ ಮೊದಲ ದಿನ ಸುನೀತಾ ಗಂಡನ ಮನೆಯಲ್ಲಿ ಒಂದು ಸ್ವಿಚ್ಚನ್ನೂ ಹುಡುಕಲಿಲ್ಲವಂತೆ. "ತವರಾಗೂ ಅಲ್ಲೇ ಇದ್ದಿದ್ದು, ಕೈ ತಾನಾಗ್ ಓಯ್ತು" ಅಂತ ಪುಟ್ಟಗೌರಮ್ಮ ಈಗಲೂ ನಗುತ್ತಾಳೆ.

ಈಗ ಮಗ ಸೊಸೆಗೆ ಬೇರೆ ಮನೆ ಬೇಕಿತ್ತು. ಗೋವಿಂದಯ್ಯ ಊರಾಚೆ ಹೊಸ ಬಡಾವಣೆಯಲ್ಲಿ ಸೈಟು ಕೊಟ್ಟರು. ಸೈಟು ಉದ್ದಕ್ಕಿತ್ತು, ಅಗಲ ಮಾತ್ರ ಇಪ್ಪತ್ತನಾಲ್ಕೇ ಅಡಿ. ನಿಂಗರಾಜುವಿನ ಎರಡು ಮನೆಗಳಲ್ಲಿ ಯಾವುದನ್ನು ತಂದು ಇಟ್ಟರೂ ಗೋಡೆ ಪಕ್ಕದವರ ಮನೆಯೊಳಗೆ ಹೋಗುತ್ತಿತ್ತು. ಇಲ್ಲಿ ಯಾರೂ ಮೂರಡಿ ಮಾರುವವರಿರಲಿಲ್ಲ.

ನಿಂಗರಾಜು ಬರುತ್ತೇನೆ ಅಂದ, ಹೋಗಲಿಲ್ಲ. ಸಿಮೆಂಟು ಹೇಳಿದ, ಬೇಡವೆಂದ. ಮತ್ತೆ ಹೇಳಿದ, ಮತ್ತೆ ಬೇಡವೆಂದ. ಒಂದು ದಿನ ಸುನೀತಾಳೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ಅವಳು ಅಂಗನವಾಡಿ ಟೀಚರು, ಮಾತು ಮೆತ್ತಗೆ, ಆದರೆ ಬಿಡುವವಳಲ್ಲ.

"ಅಂಕಲ್, ಅಪ್ಪ ಯಾಕೆ ತಪ್ಪಿಸ್ಕೊಂಡ್ ತಿರುಗ್ತಿದೆ?"

"ನನ್ನ ಕೇಳಿದ್ರೆ?"

"ನಿಮ್ಗೆ ಗೊತ್ತಿಲ್ದೆ ಇರೋದು ಏನೈತೆ ಹೇಳಿ. ನಮ್ಮಾವ ಇನ್ನೊಬ್ರು ಮೇಸ್ತ್ರಿನ ನೋಡವ್ರೆ. ನಿಮ್ಮಪ್ಪ ಒಳ್ಳೆ ಕೆಲ್ಸಗಾರ, ಆದ್ರೆ ಈ ಸೈಟು ಅವ್ರ ಸೈಜಲ್ಲ ಅಂತಾರೆ. ಗುದ್ದಲಿ ಪೂಜೆ ದಿನ ಅಪ್ಪ ಬಂದು ಆಯ ಹೇಳುದ್ರೆ ಅಪ್ಪಂದು, ಇಲ್ಲಾಂದ್ರೆ ಅವತ್ತೇ ಅವ್ರಿಗೆ ವೀಳ್ಯ ಕೊಟ್ಬುಡ್ತಾರೆ." ಅವಳು ಸೆರಗು ಸರಿಮಾಡಿಕೊಂಡಳು. "ಊರೋರಿಗೆಲ್ಲ ಅಪ್ಪ ಮನೆ ಕಟ್ಟೈತೆ. ನನ್ ಮನೆ ಇನ್ಯಾರೋ ಕಟ್ಟುದ್ರೆ ಅಪ್ಪ ಆ ಮನೆಗೆ ಬಂದು ಊಟ ಮಾಡಾಕಿಲ್ಲ ಅಂಕಲ್. ನಂಗೆ ಗೊತ್ತು."

ಅವಳು ಹೋದ ಮೇಲೆ ನಾನು ಕೂತು ಲೆಕ್ಕ ಹಾಕಿದೆ. ಇಪ್ಪತ್ತೊಂದಕ್ಕೆ ಮೂವತ್ತೇಳು. ಗುಣಿಸಿ ಎಂಟೆಂಟು ತೆಗೆದರೆ ಒಂದು ಉಳಿಯುತ್ತದೆ, ಧ್ವಜ. ನಿಂಗರಾಜು ಬಂದಾಗ ಯಾರಿಗೂ ಕೇಳದ ಹಾಗೆ ಹೇಳಿಕೊಟ್ಟೆ. ಅವನು ಮಂತ್ರದ ಹಾಗೆ ಬಾಯಿಪಾಠ ಮಾಡಿದ. ಬೈಕಿನಲ್ಲೂ ಅದನ್ನೇ ಗೊಣಗಿಕೊಂಡು ಹೋಗುತ್ತಿದ್ದ ಎಂದು ಕಂಡವರು ಹೇಳಿದರು. ಮೂರನೆಯ ಅಳತೆ ಸಿಕ್ಕ ಸಂತೋಷದಲ್ಲಿ ಸೈಟನ್ನು ಸರಿಯಾಗಿ ನೋಡಲು ಮಾತ್ರ ಅವನು ಹೋಗಲಿಲ್ಲ. ನಾನೂ ಸೈಟಿನ ಪತ್ರದಲ್ಲಿದ್ದ ಅಳತೆಯನ್ನು ನಂಬಿದ್ದೆ.

ಪೂಜೆಯ ದಿನ ನಾನೂ ಹೋದೆ. ಹಿಂದಿನ ದಿನವೇ ಸಿಮೆಂಟು, ಮರಳು, ಮೋಲ್ಡಿಗೆ ಆಧಾರ ಕೊಡುವ ಸೆಂಟ್ರಿಂಗ್ ಹಲಗೆ ಇಳಿಸಿದ್ದೆವು. ಸೈಟಿನಲ್ಲಿ ಗೋವಿಂದಯ್ಯ, ಹೇಮಂತ್, ಸುನೀತಾ, ನೆಂಟರು ಏಳೆಂಟು ಜನ, ಪೂಜೆಯ ಐನೋರು. ರಾಹುಕಾಲಕ್ಕೆ ಮುಂಚೆ ಎಲ್ಲ ಮುಗಿಯಬೇಕಿತ್ತು. ಇನ್ನೊಬ್ಬ ಮೇಸ್ತ್ರಿ ಅಲ್ಲಿರಲಿಲ್ಲ, ಆದರೆ ಗೋವಿಂದಯ್ಯ ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದರು.

ನಿಂಗರಾಜು ಒಗೆದ ಪಂಚೆ ಉಟ್ಟು ಬಂದಿದ್ದ. ಯಾರ ಜೊತೆಗೂ ಮಾತಿಲ್ಲ, ತುಟಿ ಅಲ್ಲಾಡುತ್ತಿತ್ತು. ಮುಂದೆ ಎರಡು ಗೂಟ ನಿಲ್ಲಿಸಿದ, ಹಿಂದೆ ಹೋಗಿ ಎರಡು ಗೂಟ ನಿಲ್ಲಿಸಿದ, ದಾರ ಎಳೆದ. ಬಿಗಿಯಾಗಿ ಎಳೆದ. ಎದ್ದು ನಿಂತು, ಎಲ್ಲರ ಕಡೆ ಒಮ್ಮೆ ನೋಡಿ, "ಇಪ್ಪತ್ತೊಂದಕ್ಕೆ ಮೂವತ್ತೇಳು, ಧ್ವಜಾಯ" ಅಂದ. ಸುನೀತಾ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಗೋವಿಂದಯ್ಯ ಹಿಂದಿನ ಮೂಲೆಯವರೆಗೂ ನಡೆದುಕೊಂಡು ಹೋದರು. ಬಗ್ಗಿ ನೋಡಿದರು.

"ಬೀಗ್ರೇ, ದಾರ ಪಕ್ಕದೋರ್ ಮೆಟ್ಲ ಮ್ಯಾಲೆ ಕೂತದಲ್ಲ?"

ಪಕ್ಕದ ಮನೆಯವರು ಮಹಡಿಗೆ ಹೊಸ ಮೆಟ್ಟಿಲು ಕಟ್ಟಿದ್ದರು. ಕೆಳಗಿನ ಎರಡು ಮೆಟ್ಟಿಲು ಈಚೆ ಸೈಟಿನೊಳಗೆ ಚಾಚಿಕೊಂಡಿದ್ದವು. ದಾರ ಆ ಮೆಟ್ಟಿಲಿನ ಮೇಲೆ ಹಾಯಾಗಿ ಮಲಗಿತ್ತು. ಸಾಲದ್ದಕ್ಕೆ ಯಾರೋ ಅಲ್ಲಿ ಚಪ್ಪಲಿ ಬಿಟ್ಟಿದ್ದರು, ಅದರ ಒಂದು ಉಂಗುಷ್ಠದ ಒಳಗಿಂದ ದಾರ ಹೋಗಿತ್ತು. ರಸ್ತೆಯ ಆಚೆಯಿಂದ ಗೋಡೆಯ ವಾಲು ಕಾಣುವ ಮನುಷ್ಯ ಚಪ್ಪಲಿಯೊಳಗೆ ದಾರ ತೂರಿಸಿದ್ದ, ಅವನಿಗೆ ಕಂಡಿರಲಿಲ್ಲ. ಕಣ್ಣು ತೆರೆದೇ ಇತ್ತು, ನೋಡುವವನು ಮಾತ್ರ ಒಳಗೆ ಧ್ವಜಾಯ ಜಪಿಸುತ್ತಿದ್ದ.

"ಅದು... ಮೆಟ್ಲು ಒಡಸ್ಬೋದು" ಅಂದ ನಿಂಗರಾಜು.

"ಎಲ್ಡು ಮೆಟ್ಲಿಗೆ ನಾನ್ ಕೋರ್ಟಿಗೆ ಓಗನಾ? ಬುಡಿ ಬೀಗ್ರೇ. ಎಲ್ಡಡಿ ಈಚ್ಗೆ ತಗಳಿ. ಅತ್ತೊಂಬತ್ತಾಯ್ತದೆ. ಅದ್ರ ಆಯ ಏನು, ಏಳ್ಬುಡಿ, ಪೂಜೆ ಮಾಡನ."

"ಇಪ್ಪತ್ತೊಂದಕ್ಕೇ ಧ್ವಜಾಯ ಬೀಗ್ರೇ."

"ಅದ್ ಬುಟ್ಟಾಯ್ತು. ಅತ್ತೊಂಬತ್ತಕ್ಕೆ?"

"ಇಪ್ಪತ್ತೊಂದಾದ್ರೆ..." ಅಂದ ಅವನು ಮತ್ತೆ. ಹಳಿ ತಪ್ಪದ ರೈಲಿನ ಹಾಗೆ ಅಲ್ಲಿಗೇ ಹೋಗುತ್ತಿದ್ದ. ಹೇಮಂತ್ ಫೋನು ತೆಗೆದು, "ಮಾವ, ಕ್ಯಾಲ್ಕುಲೇಟರ್‌ನಲ್ಲಿ..." ಅಂದ. ಗೋವಿಂದಯ್ಯ ಮಗನ ಕಡೆ ನೋಡಿದರು, ಅವನು ಫೋನು ಜೇಬಿಗೆ ಹಾಕಿಕೊಂಡ. "ನಮ್ಮಪ್ಪನ್ ಕಾಲದಿಂದ ಮೇಸ್ತ್ರಿ ಬಾಯಲ್ಲಿ ಬಂದ್ ಆಯಕ್ಕೇ ಪಾಯ ತೆಗ್ದಿರೋದು. ಫೋನ್ ಬಂದು ಇಟ್ಟಿಗೆ ಕಟ್ಟಾಕಿಲ್ಲ."

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಸುನೀತಾ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದಳು, ಬೇಡ ಅಂತ. ಬಾಯಿ ಮುಚ್ಚಿಕೊಂಡೆ.

ಎಲ್ಲರೂ ನಿಂಗರಾಜುವನ್ನೇ ನೋಡುತ್ತ ನಿಂತರು. ಐನೋರು ಕೂಡ ಊದುಬತ್ತಿ ಹಿಡಿದು ನೋಡುತ್ತ ನಿಂತರು. ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಕೈಯಲ್ಲಿದ್ದ ದಾರದ ಉಂಡೆ ಜಾರಿ ಬಿದ್ದು ಉರುಳಿಕೊಂಡು ಹೋಯಿತು. ಅವನು ಅದನ್ನೂ ನೋಡಲಿಲ್ಲ.

ಆಮೇಲೆ ಅವನು ಒಂದು ಮಾತು ಅಂದ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಅಂದದ್ದಲ್ಲ.

"ಬೀಗ್ರೇ, ನೀವೆಲ್ಲ ಇಂಗೆ ನೋಡ್ಕಂಡ್ ನಿಂತ್ರೆ ನಂಗೆ ಲೆಕ್ಕ ಬರಾಕಿಲ್ಲ. ಲೆಕ್ಕ ಕಾಣಾಕೇ ಇಲ್ಲ. ನಿಮ್ ಮೊಕ್ಗೋಳೇ ಕಾಣ್ತವೆ."

ನೆಂಟರಲ್ಲಿ ಯಾರೋ ಕೆಮ್ಮಿದರು. ಗೋವಿಂದಯ್ಯ ಗಂಭೀರವಾಗಿ ಕೇಳಿಸಿಕೊಂಡರು. ಇವರು ಈಗ ಫೋನು ಎತ್ತುತ್ತಾರೆ ಅಂದುಕೊಂಡೆ.

"ನಂಗೆ ಎಟಿಎಮ್ಮಲ್ಲಿ ಇಂಗೇ ಆಯ್ತದೆ" ಅಂದರು ಅವರು. "ಇಂದ್ಗಡೆ ಒಬ್ಬ ಬಂದ್ ನಿಂತ್ಕಂಡ ಅಂದ್ರೆ ನಂಬ್ರ ಮರ್ತೋಯ್ತದೆ. ಓದ್ ತಿಂಗ್ಳು ಮಿಶಿನ್ನು ಕಾರ್ಡೇ ನುಂಗ್ಬುಡ್ತು." ಯಾರೋ ನಕ್ಕರು. ಅವರು ನಗಲಿಲ್ಲ. "ಎಲ್ರೂ ನಡೀರಿ, ಆಚೆ ಕ್ಯಾಂಟೀನಲ್ಲಿ ಕಾಪಿ ಕುಡ್ಕಂಡ್ ಬರನ. ಬೀಗ್ರೇ, ಒಂದ್ ಕಾಪಿ ಕುಡ್ಯೋಷ್ಟ್ ಒತ್ತು ಅದೆ. ಆಮ್ಯಾಕೆ ರಾವುಕಾಲ ಬತ್ತದೆ. ಅಷ್ಟ್ರಲ್ಲಿ ಬಂತಾ, ನಿಮ್ದು. ಬರ್ಲಿಲ್ವಾ, ನನ್ ಮ್ಯಾಲೆ ಬೇಜಾರ್ ಮಾಡ್ಕಬ್ಯಾಡಿ."

ಅವರು ಹೋದರು. ನನ್ನನ್ನೂ ಕರೆದರು, ಸಕ್ಕರೆ ಕಾಯಿಲೆ ಎಂದು ಹೇಳಿ ಉಳಿದುಕೊಂಡೆ. ಕುತೂಹಲವೂ ಒಂದು ಕಾಯಿಲೆಯೇ. ಆದರೆ ನೋಡುತ್ತ ಕೂತರೆ ನಾನೂ ಒಂದು ಮುಖವಾಗುತ್ತೇನಲ್ಲ, ಅದಕ್ಕೆ ಸಿಮೆಂಟು ಮೂಟೆಯ ಮೇಲೆ, ಅಲ್ಲೇ ಉಳಿದ ಅಪ್ಪ ಮಗಳಿಗೆ ಬೆನ್ನು ಹಾಕಿ ಕೂತೆ. ಹಾಗಾಗಿ ಮುಂದಿನದನ್ನು ನಾನು ಕಂಡವನಲ್ಲ, ಕೇಳಿದವನು.

ಮೊದಲು ಕ್ಯಾಂಟೀನಿನ ಕಡೆ ಹೋದವರ ಚಪ್ಪಲಿ ಸದ್ದು. ಆಮೇಲೆ ಸುನೀತಾಳ ದನಿ.

"ಅಪ್ಪಾ, ನನ್ ಮಂಚ ಎಲ್ ಬತ್ತದೆ?"

"ಊಂ?"

"ಮಂಚ. ಈ ಅಗಲ್ದಾಗೆ ಮಂಚ ಆಕುದ್ರೆ ಓಡಾಡಕ್ ಜಾಗ ಇರ್ತದಾ? ನನ್ಗೆ ಟೇಪ್ನಾಗೆ ಏಳ್ಬೇಡ, ಗೊತ್ತಾಗಾಕಿಲ್ಲ. ನೆಲ್ದ ಮ್ಯಾಲೆ ತೋರ್ಸು."

ಆಯದ ಹೆಸರನ್ನೇ ಅವಳು ಎತ್ತಲಿಲ್ಲ. ಆಮೇಲೆ ಕೇಳಿದ್ದಕ್ಕೆ ನನಗೆ ಹೇಳಿದಳು: "ಅಂಗನವಾಡೀಲಿ ಮಕ್ಳುನ್ನ ಎಷ್ಟು ಮಣಿ ಐತೆ ಅಂತ ಕೇಳುದ್ರೆ ಮಣಿ ನೋಡಲ್ಲ ಅಂಕಲ್, ನನ್ ಮುಖ ನೋಡ್ತವೆ. ಕೇಳ್ದೆ ಸರ ಪೋಣಿಸ್ಕೊಡು ಅಂದ್ರೆ ತಾವಾಗೇ ಎಣಿಸ್ತವೆ."

ಸೆಂಟ್ರಿಂಗ್ ಹಲಗೆಯೊಂದನ್ನು ಎಳೆದ ಸದ್ದು. ಅದು ನೆಲಕ್ಕೆ ಬಿದ್ದ ಸದ್ದು, ಧಪ್.

"ನೋಡು, ಇದು ಎಂಟಡಿ. ಇಷ್ಟಗ್ಲ ನಿನ್ ರೂಮು."

ಹಲಗೆ ಎತ್ತಿ ಮುಂದೆ ಹಾಕಿದ, ಧಪ್. "ಇಷ್ಟು ಅಜಾರ." ಆಮೇಲೆ, "ಮೆಟ್ಲು ಬುಟ್ಟು ಇನ್ ಮೂರಡಿ ಉಳೀತದೆ. ಗ್ವಾಡೆ ದಪ್ಪ ಎಲ್ಲ ಅದ್ರಾಗೆ ಓಯ್ತದೆ."

"ಉದ್ದಕ್ಕೆ?"

ಧಪ್, ಧಪ್, ಧಪ್, ಧಪ್. ಅಡುಗೆಮನೆ, ಬಚ್ಚಲು, ತೊಟ್ಟಿಲು ಕಟ್ಟುವ ಜಾಗ ಎಂದು ಹೇಳುತ್ತ ಹೋಗುತ್ತಿದ್ದ. ದನಿ ಬದಲಾಗಿತ್ತು, ಲಾರಿಯ ಚಕ್ರ ಕಂಡವನ ದನಿ ಅದು. "ಮಗಾ, ಆ ಚಪ್ಲಿ ತಗ್ದು ಅತ್ಲಾಗ್ ಬುಡು, ದಾರ ಸಿಕ್ಕಂಡದೆ" ಎಂದೂ ಅಂದ. "ಉದ್ದಕ್ಕೆ ಕೊನೇಗೆ ಐದಡಿ ಮಿಕ್ಕದೆ. ಅಲ್ಲಿ ಒಗೆಯೋ ಕಲ್ಲು..."

ಮಾತು ನಿಂತಿತು.

ತಿರುಗಿ ನೋಡಬೇಕೆಂಬ ಆಸೆಯನ್ನು ಹೇಗೆ ತಡೆದುಕೊಂಡೆ ಎಂದು ನನಗೇ ಗೊತ್ತಿಲ್ಲ.

"ಸುನೀ" ಅಂದ ಅವನು, ಮೆಲ್ಲಗೆ. "ಆಯ ಅಂದ್ರೆ ಎಂಟು ತೆಗ್ಯದು ತಾನೆ?"

"ನಂಗೇನ್ ಗೊತ್ತಪ್ಪ."

"ದೊಡ್ಡಮಾದಯ್ಯ ಮೊದ್ಲು ಗುಣ್ಸು, ಆಮ್ಯಾಕ್ ಎಂಟು ತೆಗಿ ಅಂತಿದ್ದ. ಗುಣ್ಸಕ್ ಓದ್ರೆ ನಂಗ್ ತಲೆ ಕಟ್ಕತದೆ. ಇಲ್ ಅಲಗೆ ಆಗ್ಲೇ ಎಂಟೆಂಟು ತಗೀತಾ ಬಂದದಲ್ಲ. ಮಿಕ್ಕಿರೋದು ಈ ಕಡೆ ಮೂರು, ಆ ಕಡೆ ಐದು. ಮೂರೈದ್ಲಿ ಅದಿನೈದು." ಮತ್ತೆ ಹಲಗೆಯನ್ನು ಎತ್ತಿ ಇಟ್ಟ ಸದ್ದು, ಈ ಸಲ ಅಳೆಯುವುದಕ್ಕಲ್ಲ, ಯೋಚಿಸುವುದಕ್ಕೆ. "ಅದ್ರಾಗೆ ಇನ್ನೊಂದ್ ಎಂಟು ಓದ್ರೆ ಏಳು. ಗಜ."

ನಾನು ಬೆನ್ನು ಹಾಕಿಕೊಂಡೇ ಫೋನು ತೆಗೆದು ಒತ್ತಿ ನೋಡಿದೆ. ಹತ್ತೊಂಬತ್ತನ್ನು ಮೂವತ್ತೇಳರಿಂದ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ನೋಡಿದೆ. ಏಳು. ನನಗೆ ನಂಬಿಕೆ ಬರದೆ ಬೇರೆ ಎರಡು ಅಳತೆ ಹಾಕಿ ನೋಡಿದೆ, ಅಲ್ಲೂ ಇವನ ದಾರಿ ಸರಿಯಾಗೇ ಬಂತು. ಇದು ಯಾವ ಶಾಲೆಯ ಪಾಠವೋ, ದೊಡ್ಡ ಲೆಕ್ಕದವರು ಇದಕ್ಕೆ ಏನೆಂದು ಹೆಸರಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ಮೊದಲು ಗುಣಿಸಲೇಬೇಕು ಎಂದು ಅವನಿಗೂ ನನಗೂ ಹೇಳಿದವರಿದ್ದರು. ಬೇಡ ಎಂದು ಹೇಳಿದವರು ಯಾರೂ ಇರಲಿಲ್ಲ.

ಕಾಫಿ ಕುಡಿದವರು ಬಾಯಿ ಒರೆಸಿಕೊಳ್ಳುತ್ತ ಬಂದರು. ಗೋವಿಂದಯ್ಯ ಗಡಿಯಾರ ನೋಡಿಕೊಂಡರು. ಎಲ್ಲರೂ ಮೊದಲು ನಿಂತಿದ್ದ ಜಾಗದಲ್ಲೇ ನಿಂತು ನಿಂಗರಾಜುವನ್ನೇ ನೋಡತೊಡಗಿದರು. ಅವನ ತುಟಿ ಮತ್ತೆ ಅಲುಗಿದ್ದನ್ನು ನಾನು ಕಂಡೆ. ಸುನೀತಾಳೂ ಕಂಡಳು.

"ಅತ್ತೊಂಬತ್ತಕ್ಕೆ ಮೂವತ್ತೇಳು" ಅಂದ. ಅಲ್ಲಿಗೆ ನಿಂತ. ಹಲಗೆಯ ಮೇಲೆ ಒಂದು ಕಾಲು ಇಟ್ಟ. "ಗಜಾಯ."

ಗೋವಿಂದಯ್ಯ ಸುಲಭಕ್ಕೆ ಬಿಡುವವರಲ್ಲ. ಗಿರಣಿಯಲ್ಲಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡದೆ ಚೀಲ ಕಟ್ಟಿದವರಲ್ಲ. "ಗಜ ಒಳ್ಳೇದೇಯ. ಆದ್ರೆ ಎಂಗ್ ಬಂತು, ಅದ್ನೂ ಏಳ್ಬುಡಿ ಬೀಗ್ರೇ. ನಾಳೆ ಯಾರಾರ ಕೇಳುದ್ರೆ ನಾನ್ ಏಳ್ಬೇಕಲ್ಲ."

ನಿಂಗರಾಜು ಅವರನ್ನು ನೋಡಿದ. ನೆಂಟರನ್ನು ನೋಡಿದ. ಬೆವರು ಒರೆಸಿಕೊಂಡ.

"ಏಳ್ತೀನಿ ಬೀಗ್ರೇ. ನೀವೊಸಿ ಅತ್ಲಾಗ್ ತಿರೀಕಳಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗೋವಿಂದಯ್ಯ ಫೋನನ್ನು ಜೇಬಿಗೆ ಹಾಕಿಕೊಂಡು, ಪಂಚೆ ಸರಿಮಾಡಿಕೊಂಡು, ಹೊಳೆಯ ಕಡೆಗೆ ಮುಖ ಮಾಡಿ ನಿಂತರು. "ಎಲ್ರೂ ತಿರೀಕಳ್ರಯ್ಯ" ಅಂದರು. ಹೇಮಂತ್ ತಿರುಗಿದ. ನೆಂಟರು ತಿರುಗಿದರು. ಐನೋರು ಊದುಬತ್ತಿಯ ಸಮೇತ ತಿರುಗಿದರು. ನಮ್ಮೆಲ್ಲರ ಬೆನ್ನ ಹಿಂದೆ ಹಲಗೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ನಿಂಗರಾಜು ಮೂರು ಎಲ್ಲಿಂದ ಬಂತು, ಐದು ಎಲ್ಲಿಂದ ಬಂತು ಎಂದು ಒಂದೊಂದಾಗಿ ಹೇಳುತ್ತ ಹೋದ. ಹೇಳಿ ಮುಗಿಸಿ, ನಾವು ಈಚೆ ತಿರುಗುವುದನ್ನೂ ಕಾಯದೆ, ಗೂಟ ಹೊಡೆಯುವುದಕ್ಕೆ ಶುರುಮಾಡಿದ.